ಬೇರೆ ಬೀಸದ ಹಿಟ್ಟು

ಸೆಪ್ಟೆಂಬರ್ ೪, ಭಾನುವಾರ, ಬೆಳಿಗ್ಗೆ ೭ ಗಂಟೆ ೨೫ ನಿಮಿಷ. ನನ್ನ ಸುಳ್ಳು ಶುರುವಾದದ್ದು ಆಗ. ಅದಕ್ಕೀಗ ಮೂರು ವರ್ಷ ನಾಲ್ಕು ತಿಂಗಳು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತೇನೆ. ನನ್ನ ಅಣ್ಣನ ಹೆಂಡತಿ ಸವಿತಾ ವೈನಿ ನಮ್ಮ ಮನೆಯಲ್ಲಿ ಕದ್ದು ಚಪಾತಿ ತಿನ್ನಲಿಲ್ಲ. ಬಿಸ್ಕೀಟು ತಿನ್ನಲಿಲ್ಲ. ಒಂದು ಚೂರೂ ತಿನ್ನಲಿಲ್ಲ. ಅವಳ ಹೊಟ್ಟೆಗೆ ಗೋಧಿ ಹೋದದ್ದು ನನ್ನ ಕೈಯಿಂದ, ನಾನು ಗಿರಣಿಯಿಂದ ಬೀಸಿಸಿ ತಂದ ಜೋಳದ ಹಿಟ್ಟಿನ ಜೊತೆಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮನೆಯವರ ಮುಂದೆ ಕೂತು, ಅವಳೇ ಕದ್ದು ತಿನ್ನುತ್ತಾಳೆ ಎಂದು ತಾರೀಖು ಸಮೇತ ಲೆಕ್ಕ ಓದಿದೆ.

ಬರೆದದ್ದನ್ನು ಓದಿಕೊಂಡು, ಗೆರೆ ಹೊಡೆಯಲು ಪೆನ್ನೆತ್ತಿದೆ. ಇರಲಿ. ಅಳಿಸುವುದಿಲ್ಲ.

ನಾವು ನಾಲ್ಕು ತಲೆಮಾರಿನಿಂದ ಸಾಂಗ್ಲಿಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಪ್ಪ ಹೋದ ಮೇಲೆ ಅರಿಷಿಣದ ವ್ಯಾಪಾರವನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ಮಿರಜಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಜನ ತಂದುಕೊಡುವ ರಕ್ತ, ಮೂತ್ರ, ಮಲದ ಡಬ್ಬಿಗಳ ಮೇಲೆ ಹೆಸರು, ವಯಸ್ಸು, ತಾರೀಖು, ವೇಳೆ ಬರೆದು ಚೀಟಿ ಅಂಟಿಸುವ ಕೆಲಸ. ಒಂಬತ್ತನೇ ಇಯತ್ತೆಯಿಂದ ದಿನಚರಿ ಬರೆಯುತ್ತೇನೆ. ಎಷ್ಟಕ್ಕೆ ಎದ್ದೆ, ಮಿರಜ್ ಬಸ್ಸು ಎಷ್ಟು ತಡ, ತಿಂಗಳಿಗೆ ಎಷ್ಟು ಸಲ ತಲೆನೋವು — ಎಲ್ಲಕ್ಕೂ ಲೆಕ್ಕವಿದೆ. ಮನೆಯಲ್ಲಿ ಒಂದು ಮಾತೇ ಇತ್ತು: "ಶೈಲಾ ಬರದಾಳಂದ್ರ ಖರೇನ ಇರ್ತೈತಿ." ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ವೈನಿ ಖಂಡೇರಾಜುರಿಯವಳು. ಮದುವೆಯಾಗಿ ಬಂದ ಎರಡನೇ ವರ್ಷಕ್ಕೆ ಅವಳಿಗೆ ಹೊಟ್ಟೆಯ ತ್ರಾಸು ಶುರುವಾಯಿತು. ಉಂಡರೆ ಉಬ್ಬುವುದು, ದಿನಕ್ಕೆ ಐದಾರು ಸಲ ಭೇದಿ, ಬಾಯಲ್ಲಿ ಹುಣ್ಣು, ಬಾಚಣಿಗೆಯ ತುಂಬ ಕೂದಲು. ಅವ್ವ ಅಜವಾನ ತಿನ್ನಿಸಿ, ಮಜ್ಜಿಗೆ ಕುಡಿಸಿ, ದೃಷ್ಟಿ ತೆಗೆದು ಎಲ್ಲ ಮುಗಿಸಿದ ಮೇಲೆ ಮಿರಜಿನ ಒಬ್ಬ ಹೆಣ್ಣು ಡಾಕ್ಟರಿಗೆ — ಎಲ್ಲರೂ ‘ಡಾಕ್ಟರ್ ಬಾಯಿ’ ಅನ್ನುತ್ತಾರೆ — ತೋರಿಸಿದೆವು. ಅವರು ರಕ್ತ ತೆಗೆಸಿದರು, ಬಾಯಿಂದ ನಳಿಗೆ ಇಳಿಸಿ ಕರುಳು ನೋಡಿದರು. ಆಮೇಲೆ ಕಾಯಿಲೆಯ ಹೆಸರು ಹೇಳಿದರು — ಸೀಲಿಯಾಕ್. ಗೋಧಿಯಲ್ಲಿರುವ ಜಿಗುಟಿನ ಅಂಶ ಈ ಕರುಳಿಗೆ ಆಗುವುದಿಲ್ಲ. ಗುಳಿಗೆಯಿಲ್ಲ, ಊಟವೇ ಔಷಧ. ಗೋಧಿ, ರವೆ, ಮೈದಾ, ಶ್ಯಾವಿಗೆ ಜನ್ಮಪೂರ್ತಿ ಬಂದ್. ಜೋಳ, ಅಕ್ಕಿ, ರಾಗಿ, ಬೇಳೆ, ಕಾಯಿಪಲ್ಯ ನಡೆಯುತ್ತದೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ನೋಡಿ ತನ್ನಿ. ಚಪಾತಿಯ ಹಂಚು, ಲಟ್ಟಣಿಗೆ ಬೇರೆ ಇರಲಿ. ಮತ್ತೆ — ಇದನ್ನು ಅವರು ಎರಡು ಸಲ ಹೇಳಿದರು — ಗೋಧಿ ಬೀಸಿದ ಗಿರಣಿಯಲ್ಲಿ ಹಾಗೆಯೇ ಜೋಳ ಬೀಸಿಸಬೇಡಿ. ಗಿರಣಿ ಝಾಡಿಸಿ, ಹಳೆ ಹಿಟ್ಟು ಗುಡಿಸಿ ತೆಗೆದ ಮೇಲೆ ಮೊದಲ ಪಾಳಿ ನಿಮ್ಮದಾಗಬೇಕು. ಆಗದಿದ್ದರೆ ಮನೆಯಲ್ಲೇ ಬೀಸಿಕೊಳ್ಳಿ. ನಾಲಿಗೆಗೆ ತಿಳಿಯದಷ್ಟು ಹಿಟ್ಟು ಕರುಳಿಗೆ ತಿಳಿಯುತ್ತದೆ.

"ಏನು ತಿಂದರು, ಹೊಟ್ಟೆ ಹೇಗಿತ್ತು, ದಿನಾಲೂ ಯಾರಾದರೂ ಬರೆದಿಡಿ" ಎಂದೂ ಹೇಳಿದರು. ಅವ್ವ, ಅಣ್ಣ, ವೈನಿ ಮೂವರೂ ನನ್ನ ಕಡೆ ನೋಡಿದರು.

ಇನ್ನೂರು ಪುಟದ ನೋಟುಬುಕ್ಕು ತಂದೆ. ಅಡ್ಡಗೆರೆ, ಉದ್ದಗೆರೆ ಹಾಕಿದೆ. ವೇಳೆ, ತಿಂದದ್ದು, ಮಾಡಿದವರು, ಹೊಟ್ಟೆ, ಶೌಚ ಎಷ್ಟು ಸಲ, ಯಾವ ಬಗೆ. ಕೊನೆಯ ಅಂಕಣ ಹಿಟ್ಟಿನದು. ಅದರಲ್ಲಿ ಪ್ರತಿ ಭಾನುವಾರ ಎರಡು ಪದ ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಬೇಕು: "ಬೇರೆ ಬೀಸಿದ್ದು."

ಅಣ್ಣ ಅಂದಿದ್ದ, "ಮನ್ಯಾಗ ಬೀಸೂ ಸಣ್ಣ ಮಷಿನ್ ಒಂದು ತಂದ ಬಿಡ್ತೇನಿ. ನಿನಗ್ಯಾಕ ಪ್ರತಿ ವಾರ ತ್ರಾಸ?"

"ಎದಕ್ಕಣ್ಣಾ? ನಾ ಇದ್ದೇನಲಾ" ಅಂದೆ ನಾನು.

ನಾನು ಇದ್ದೆ.

ನಮ್ಮ ಓಣಿಯ ಗಿರಣಿ ಏಳಕ್ಕೆ ತೆರೆಯುತ್ತದೆ. ಗಿರಣಿ ಮಾಮಾ ಮೊದಲು ಕಲ್ಲು ಬಿಚ್ಚಿ ಝಾಡಿಸುತ್ತಾನೆ, ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಕೊಡವುತ್ತಾನೆ. ಆಮೇಲೆ ಸಾಲಿನಲ್ಲಿಟ್ಟ ಡಬ್ಬಿಗಳ ಪಾಳಿಯಂತೆ ಬೀಸುತ್ತಾನೆ. ಒಬ್ಬರ ಹಿಟ್ಟಿನ ಕೊನೆ ಇನ್ನೊಬ್ಬರ ಹಿಟ್ಟಿನ ಮೊದಲಿಗೆ ಸೇರುತ್ತದೆ. ಅದಕ್ಕೆ ಯಾರೂ ಜಗಳ ಮಾಡುವುದಿಲ್ಲ, ಎಲ್ಲರದೂ ಎಲ್ಲರಿಗೂ ಸ್ವಲ್ಪ ಸೇರಿಯೇ ಇರುತ್ತದೆ. ಮೊದಲ ಮೂರು ಭಾನುವಾರ — ಆಗಸ್ಟ್ ೧೪, ೨೧, ೨೮ — ನಾನು ಆರೂಮುಕ್ಕಾಲಿಗೇ ಹೋಗಿ ಮೊದಲ ಡಬ್ಬಿ ಇಟ್ಟೆ. ಆ ಮೂರು ವಾರ ವೈನಿಯ ಹೊಟ್ಟೆ ಸುಧಾರಿಸಿತು. ದಿನಕ್ಕೆ ಐದಿದ್ದದ್ದು ಮೂರಾಯಿತು, ಎರಡಾಯಿತು. ಅವಳ ತೂಕ ಒಂದೂವರೆ ಕಿಲೋ ಏರಿತು. ಅದೂ ಬುಕ್ಕಿನಲ್ಲಿದೆ.

ಸೆಪ್ಟೆಂಬರ್ ನಾಲ್ಕರಂದು ಏಳಲು ತಡವಾಯಿತು. ಗಿರಣಿ ಮುಟ್ಟಿದಾಗ ಏಳು ಇಪ್ಪತ್ತೈದು. ಎರಡು ಡಬ್ಬಿ ಗೋಧಿ ಆಗಲೇ ಬೀಸಿ ಮುಗಿದಿತ್ತು.

"ಮಾಮಾ, ಒಮ್ಮೆ ಝಾಡ್ಸಿ ನಮ್ಮ ಜ್ವಾಳ ಹಾಕ್ರೆಲಾ" ಅಂದೆ.

ಸಾಲಿನಲ್ಲಿ ಏಳೆಂಟು ಹೆಂಗಸರು. ಹಿಂದಿನ ಓಣಿಯ ಸುಶಿ ಮಾವಶಿ ಡಬ್ಬಿಯ ಮೇಲೆ ಕೂತಿದ್ದವಳು ಕತ್ತೆತ್ತಿ ನೋಡಿದಳು.

"ಅಗಬಾಯೀ! ಭಾಳ ಮಡಿ ಮಂದಿ ಅದೀರವಾ ನೀವು. ನಮ್ಮ ಗೋದಿ ಬಡದ್ರ ನಿಮ್ಮ ಜ್ವಾಳ ಮೈಲಿಗಿ ಆಗತೈತೇನು?"

ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಸೇರಿಸಿದಳು, "ಕಲ್ಲಿಗೆ ಗೋಮೂತ್ರ ಹೊಡಸ್ತೀಯೇನ ಮತ್ತ?"

ಮಾವಶಿಯ ಜಾತಿ ಯಾವುದೆಂದು ನನಗೆ ಗೊತ್ತು, ನನ್ನದು ಯಾವುದೆಂದು ಅವಳಿಗೆ ಗೊತ್ತು. ನಗುತ್ತಲೇ ಅಂದ ಮಾತು, ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ನನ್ನ ಕಿವಿ ಸುಟ್ಟ ಹಾಗಾಯಿತು. ನಾನು ಓದಿದವಳು, ಲ್ಯಾಬಿನಲ್ಲಿ ಎಲ್ಲರ ರಕ್ತ ಒಂದೇ ಸ್ಟ್ಯಾಂಡಿನಲ್ಲಿ ನಿಲ್ಲಿಸುವವಳು — ನಾನು ಮಡಿಯವಳೇ? "ಮನ್ಯಾಗ ವೈನಿಗೆ ಗೋದಿ ಆಗಿಬರಾಂಗಿಲ್ಲ ಮಾವಶಿ" ಅಂದಿದ್ದರೆ ಮಾತು ಮುಗಿಯುತ್ತಿತ್ತು. ಅವಳೇ ಎದ್ದು ಮಾಮಾನ ಕೈಯಿಂದ ಬ್ರಷ್ಷು ಕಸಿದು ಝಾಡಿಸುತ್ತಿದ್ದಳೇನೋ, ಅಂಥ ಹೆಂಗಸು ಅವಳು. ಆದರೆ ಸೊಸೆಯ ರೋಗ ಓಣಿಗೆ ಗೊತ್ತಾಗಬಾರದು ಎಂದು ಅವ್ವ ಹೇಳಿದ್ದಳು. ಅದಕ್ಕಿಂತ ಹೆಚ್ಚಾಗಿ — ಭೇದಿ ಎಂಬ ಮಾತು ಆ ಸಾಲಿನಲ್ಲಿ ನಿಂತು ನನ್ನ ಬಾಯಿಂದ ಬರಲಿಲ್ಲ.

"ಹಂಗೇನಿಲ್ಲ ಮಾವಶಿ. ಪಾಳಿ ಬಂದಾಗ ಹಾಕ್ರಿ ಮಾಮಾ" ಅಂದೆ.

ಮನೆಗೆ ಬಂದು ಬುಕ್ಕು ತೆರೆದೆ. "ಬೇರೆ ಬೀಸಿದ್ದು" ಎಂದು ಬರೆದೆ. ಸರಿ ಗುರುತು ಹಾಕಿದೆ. ಒಂದು ವಾರದ್ದು, ಮುಂದಿನ ವಾರ ಬೇಗ ಹೋದರಾಯಿತು ಅಂದುಕೊಂಡೆ. ಮುಂದಿನ ವಾರ ಬೇಗ ಹೋಗಿದ್ದರೆ ಯಾರನ್ನೂ ಏನನ್ನೂ ಕೇಳುವ ಪ್ರಸಂಗವೇ ಇರಲಿಲ್ಲ, ಮೊದಲ ಡಬ್ಬಿ ಇಟ್ಟು ಸುಮ್ಮನೆ ನಿಂತರೆ ಸಾಕಿತ್ತು. ಹೋಗಲಿಲ್ಲ. ಅದಕ್ಕೆ ನಾಚಿಕೆ ಕಾರಣವಲ್ಲ, ಮಾವಶಿಯೂ ಕಾರಣಳಲ್ಲ. ಭಾನುವಾರದ ನಿದ್ದೆ. ಒಂದು ಮನುಷ್ಯ ಜೀವದ ಕರುಳಿನ ಮುಂದೆ ನಾನು ಇಟ್ಟು ತೂಗಿದ್ದು ನಲವತ್ತು ನಿಮಿಷದ ನಿದ್ದೆಯನ್ನು — ಥೂ.

ಹೀಗೆ ಹನ್ನೊಂದು ಭಾನುವಾರ. ಹನ್ನೊಂದು ಸರಿ ಗುರುತು.

ಭೇದಿ ಮರಳಿತು. ಎರಡಿದ್ದದ್ದು ಐದಾಯಿತು, ಒಮ್ಮೊಮ್ಮೆ ಎಂಟು. ಸಂಡಾಸು ನಮ್ಮ ಹಿತ್ತಲಿನಲ್ಲಿದೆ, ನನ್ನ ಕೋಣೆಯ ಕಿಟಕಿಗೆ ಹತ್ತಿರ. ವೈನಿಯನ್ನು ಕೇಳಿ ಬರೆದುಕೊಳ್ಳಬಹುದಿತ್ತು. ನಾನು ಕೇಳುತ್ತಿರಲಿಲ್ಲ. ಚಿಲಕದ ಸದ್ದು ಎಣಿಸುತ್ತಿದ್ದೆ. ಅವಳು ಒಳಗೆ ಎಷ್ಟು ಹೊತ್ತು ಇದ್ದಳು, ಎಷ್ಟು ತಂಬಿಗೆ ನೀರು ಸುರಿದಳು — ಕಿಟಕಿಯ ಹಿಂದೆ ನಿಂತು ಕಿವಿಗೊಟ್ಟು ಗೀಟು ಹಾಕುತ್ತಿದ್ದೆ. ಅವಳ ಹಿಂದೆ ನಾನು ಹೋಗಬೇಕಾದಾಗ ಮೂಗಿಗೆ ಕರವಸ್ತ್ರ ಕಟ್ಟಿ ಅರ್ಧ ಬಾಟಲಿ ಫಿನೈಲು ಸುರಿಯುತ್ತಿದ್ದೆ, ಅವಳಿಗೆ ಕಾಣುವ ಹಾಗೆ. ಲ್ಯಾಬಿನಲ್ಲಿ ಗುರುತಿಲ್ಲದ ಜನರ ಮಲದ ಡಬ್ಬಿಗಳನ್ನು ಸಾಲಾಗಿ ಜೋಡಿಸಿ, ಕೈ ತೊಳೆದು, ಡಬ್ಬಿ ಊಟ ಬಿಚ್ಚಿ ತಿನ್ನುವವಳು ನಾನು. ಮನೆಯಲ್ಲಿ ನನಗೆ ವಾಕರಿಕೆ. ಅವಳ ಟವಲು ಬೇರೆ ಮಾಡಿದೆ. ತಾಟು, ಲೋಟ ಬೇರೆ. ಡಾಕ್ಟರ್ ಬೇರೆ ಇಡಲು ಹೇಳಿದ್ದು ಹಂಚು, ಲಟ್ಟಣಿಗೆಯನ್ನು, ಅದೂ ಅವಳನ್ನು ನಮ್ಮಿಂದ ಕಾಪಾಡಲು. ನಾನು ನಮ್ಮನ್ನು ಅವಳಿಂದ ಕಾಪಾಡತೊಡಗಿದೆ.

ಗಿರಣಿಯಲ್ಲಿ ಮಡಿಯವಳು ಅನ್ನಿಸಿಕೊಳ್ಳಲು ಹೆದರಿದವಳು ಮನೆಯೊಳಗೆ ಅದಕ್ಕಿಂತ ಹೊಲಸು ಮಡಿ ಹೂಡಿದ್ದೆ. ಯಾರೂ ನನ್ನನ್ನು ನೋಡಿ ನಗಲಿಲ್ಲ. "ಎಷ್ಟು ಸ್ವಚ್ಛ ಹುಡುಗಿ" ಅಂದಳು ಅವ್ವ.

ಅಕ್ಟೋಬರ್ ಕೊನೆಗೆ ಒಂದು ಸಂಜೆ ಬುಕ್ಕಿನ ಅಂಕಿಗಳನ್ನು ಕೂಡಿಸುತ್ತ ಕೂತಿದ್ದೆ. ಆಗ ಕಂಡಿತು. ಕೆಟ್ಟ ದಿನಗಳೆಲ್ಲ ಸೋಮವಾರಕ್ಕೆ ಶುರುವಾಗುತ್ತಿದ್ದವು. ಸೋಮ, ಮಂಗಳ, ಬುಧ ಜೋರು, ವಾರದ ಕೊನೆಗೆ ತುಸು ಇಳಿಮುಖ, ಮತ್ತೆ ಸೋಮವಾರ. ಭಾನುವಾರ ಹಿಟ್ಟು ಬರುತ್ತದೆ. ಮನೆಯ ಡಬ್ಬಿಗೆ ಸುರುವಿದಾಗ ಗಿರಣಿಯಿಂದ ಮೊದಲು ಇಳಿದ ಹಿಟ್ಟು ಮೇಲಾಗುತ್ತದೆ, ಅದರ ರೊಟ್ಟಿ ಸೋಮವಾರ ಬೆಳಿಗ್ಗೆ. ಒಂದೇ ಒಂದು ಸೋಮವಾರ ಚೆನ್ನಾಗಿತ್ತು. ಅವತ್ತು ವೈನಿ ಕವಲಾಪುರದ ನೆಂಟರಲ್ಲಿಗೆ ಹೋಗಿ ಎರಡು ದಿನ ಅನ್ನವನ್ನೇ ಉಂಡಿದ್ದಳು. ಮುಂದೆ ನವೆಂಬರಿನಲ್ಲಿ ಇನ್ನೊಂದು ಅಂಥ ಸೋಮವಾರ ಬಂತು — ಅವಳು ಉಪವಾಸ ಮಾಡಿ ಹಾಲುಹಣ್ಣು ತೆಗೆದುಕೊಂಡ ದಿನ. ಹನ್ನೊಂದರಲ್ಲಿ ಒಂಬತ್ತು ಕೆಟ್ಟವು, ಎರಡು ಒಳ್ಳೆಯವು. ಒಳ್ಳೆಯ ಎರಡೂ ದಿನ ರೊಟ್ಟಿಯಿಲ್ಲ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು?

ಪುಟ ತಿರುವಿದೆ. ಎದ್ದು ಹೋಗಿ ನೀರು ಕುಡಿದೆ.

ವೈನಿ ತಾನೂ ಒಮ್ಮೆ ಕೇಳಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಶೈಲಾ, ಈ ಹಿಟ್ಟಿನ್ಯಾಗ ಏನರ ಕೂಡೇತೇನು? ನೋಡಿಲ್ಲೆ, ಅಂಚ ಒಡ್ಯಾಕ ಒಲ್ದು" ಅಂದಳು. ಬರೀ ಜೋಳದ ರೊಟ್ಟಿಯ ಅಂಚು ಬಡಿಯುವಾಗ ಬಿರಿಯುತ್ತದೆ, ಕೈಯಿಂದ ಒತ್ತಿ ಒತ್ತಿ ಕೂಡಿಸಬೇಕು. ಗೋಧಿ ಸೇರಿದರೆ ಜಿಗಿ ಬರುತ್ತದೆ. ಅವಳ ಅಂಗೈಗೆ ಅದು ತಿಳಿದಿತ್ತು.

"ಜ್ವಾಳ ಹೊಸಾದೈತ್ರಿ ವೈನಿ, ಅದಕ್ಕ" ಅಂದೆ. ಆ ದಿನದ ಅಂಕಣದಲ್ಲಿ ಬರೆದೆ: ರೊಟ್ಟಿ ಮೃದು.

ನವೆಂಬರ್ ೧೨, ಶನಿವಾರ. ಡಾಕ್ಟರ್ ಬಾಯಿ ಹೊಸ ರಕ್ತಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದರು. ಇಳಿಯಬೇಕಾದ ಅಂಕಿ ಇಳಿದಿರಲಿಲ್ಲ. "ಎಲ್ಲಿಂದಲೋ ಗೋಧಿ ಒಳಗೆ ಹೋಗುತ್ತಿದೆ, ಹುಡುಕಿ" ಎಂದು ಮರಾಠಿಯಲ್ಲಿ ಹೇಳಿ, ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು — ಹಿಟ್ಟು ಹೇಗೆ ಬೀಸಿಸುತ್ತೀರಿ?

ವೈನಿ ನನ್ನ ಪಕ್ಕದಲ್ಲೇ ಇದ್ದಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು, ಬರೀ ಎಲುಬು. ತೂಕ ನಲವತ್ತಮೂರಕ್ಕೆ ಇಳಿದಿತ್ತು.

"ಬೇರೆ ಬೀಸಿಸುತ್ತೇವೆ" ಅಂದೆ. ಬುಕ್ಕು ತೆಗೆದು ಗುರುತುಗಳನ್ನು ತೋರಿಸಿದೆ. ಅವರು ಪುಟ ಮಗುಚುತ್ತ, ಇಷ್ಟು ಅಚ್ಚುಕಟ್ಟಾಗಿ ಯಾರೂ ಇಡುವುದಿಲ್ಲ ಎಂದು ಮೆಚ್ಚಿದರು. ನಾನು ನಕ್ಕೆ. ಅಲ್ಲಿ ಕೂತು ಹಲ್ಲು ಬಿಟ್ಟು ನಕ್ಕೆ.

ಅದುವರೆಗೆ ಗೊತ್ತಿತ್ತೋ ಇಲ್ಲವೋ ಎಂದು ನನ್ನ ಜೊತೆ ನಾನೇ ವಾದ ಮಾಡಬಹುದು. ಆ ಶನಿವಾರದ ನಂತರ ವಾದಕ್ಕೆ ಜಾಗವಿಲ್ಲ. ಯಾಕೆಂದರೆ ಮರುದಿನ, ನವೆಂಬರ್ ೧೩ರ ಭಾನುವಾರ, ರಾತ್ರಿ ಸರಿಯಾಗಿ ನಿದ್ದೆ ಬಾರದೆ ಆರೂವರೆಗೇ ಗಿರಣಿಗೆ ಹೋದೆ. ನನ್ನ ಡಬ್ಬಿಯೇ ಮೊದಲನೆಯದು. ಗಿರಣಿ ಮಾಮಾ ಕಲ್ಲು ಝಾಡಿಸಿ, "ಇವತ್ತ ಲಗೂನ ಬಂದಿ ಬಾಳಾ. ಹಾಕ್ಲೇನು?" ಅಂದ.

"ಬ್ಯಾಡ ಮಾಮಾ, ಇವರದಾಗಲಿ" ಅಂದು ಡಬ್ಬಿಯನ್ನು ಹಿಂದೆ ಸರಿಸಿದೆ. ಹಿಂದಿದ್ದದ್ದು ಗೋಧಿ.

ಅವತ್ತು ಸರಿಯಾಗಿ ಬೀಸಿಸಿದ್ದರೆ ಆ ವಾರ ವೈನಿಗೆ ಆರಾಮಾಗುತ್ತಿತ್ತು. ಆರಾಮಾಗಿದ್ದರೆ, ಈ ವಾರ ಏನು ಬದಲಾಯಿತು ಎಂದು ಎಲ್ಲರೂ ಕೇಳುತ್ತಿದ್ದರು. ಇಷ್ಟನ್ನು ನಾನು ಆ ಸಾಲಿನಲ್ಲಿ ನಿಂತು ವಿಚಾರ ಮಾಡಿದೆ. ತಲೆ ತಣ್ಣಗಿತ್ತು. ನನ್ನ ಬಗ್ಗೆ ನನಗೆ ಅತ್ಯಂತ ಅಸಹ್ಯ ಎನಿಸುವುದು ಈ ಜಾಗ — ಸುಳ್ಳು ಹೇಳಿದ್ದಲ್ಲ, ಡಬ್ಬಿಯನ್ನು ಹಿಂದೆ ಸರಿಸಿದ ಈ ಕೈ.

ಆದರೂ ಗೋಧಿ ಎಲ್ಲಿಂದ ಹೋಗುತ್ತಿದೆ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಬೇಕಾಗಿತ್ತು. ಹಿಟ್ಟು ಶುದ್ಧವೆಂದು ಬುಕ್ಕು ಹೇಳುತ್ತಿತ್ತು. ಉಳಿದದ್ದು ಒಂದೇ. ಅದನ್ನು ಅವ್ವ ಬಾಯಿಬಿಟ್ಟು ಅಂದಳು: "ಅಕಿ ಕದ್ದ ತಿನ್ನಾಕತ್ತಾಳೇನ?"

ನಾನು ಇಲ್ಲ ಅನ್ನಲಿಲ್ಲ. ನನ್ನ ಬಳಿ ಇನ್ನೊಂದು ಲೆಕ್ಕ ಸಿದ್ಧವಿತ್ತು. ಸೋಮವಾರ ಅವ್ವ ಈಶ್ವರನ ಗುಡಿಗೆ ಹೋಗುತ್ತಾಳೆ. ಅಣ್ಣ ಅಂಗಡಿಗೆ, ನಾನು ಮಿರಜಿಗೆ. ಮೂರು ತಾಸು ವೈನಿ ಮನೆಯಲ್ಲಿ ಒಬ್ಬಳೇ. ಅಂಕಿ ಅವೇ, ವಾರವೂ ಅದೇ. ಭಾನುವಾರವನ್ನು ಮುಚ್ಚಿಟ್ಟು ಸೋಮವಾರವನ್ನು ತೋರಿಸಿದರೆ ಸಾಕಿತ್ತು.

ನವೆಂಬರ್ ೧೭, ಗುರುವಾರ, ಸಂಜೆ ೭.೫೦. ಪಡಸಾಲೆಯಲ್ಲಿ ಅವ್ವ, ಅಣ್ಣ, ನಾನು. ಎದುರಿಗೆ ಗೋಡೆಗೆ ಆನಿಕೊಂಡು ವೈನಿ. ನಾನು ಒಂದೊಂದೇ ಸೋಮವಾರ ಓದಿದೆ.

"ಹೇಳಿಬಿಡವಾ, ಯಾರೂ ಹೊಡ್ಯಾಂಗಿಲ್ಲ" ಅಂದಳು ಅವ್ವ. "ಬಾಯಿ ಚಪಲ ಯಾರಿಗಿಲ್ಲ?"

"ನಾ ತಿಂದಿಲ್ರಿ ಅತ್ತಿ."

"ಹಂಗಾರ ರಕ್ತದಾಗ ಎಲ್ಲಿಂದ ಬಂತು? ಮುಗಲಿನಿಂದ ಉದರತೇನು?" ಅಣ್ಣ ಧ್ವನಿ ಏರಿಸಿದ.

"ಆಣಿ ಮಾಡಿ ಹೇಳ್ತೇನ್ರಿ, ತಿಂದಿಲ್ಲ."

ಆಗ ನಾನು ಹೇಳಿದೆ: "ಅವ್ವ ಮನ್ಯಾಗಿಲ್ಲದಾಗಷ್ಟ ಆಗತೈತಣ್ಣಾ. ಎಲ್ಲಾ ಬರದಿಟ್ಟೇನಿ."

ಅಣ್ಣ ನನ್ನ ಕೈಯಿಂದ ಬುಕ್ಕು ತೆಗೆದುಕೊಂಡು ಅವಳ ತೊಡೆಯ ಮೇಲೆ ಒಗೆದ. ಅವಳು ಅದನ್ನು ನೋಡಲಿಲ್ಲ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು, ಸೆರಗನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು, ಬಾಗಿಲ ಕಡೆಗೇ ನೋಡುತ್ತಿದ್ದಳು. ಇದು ತಪ್ಪಿತಸ್ಥಳ ಬೆವರು ಎಂದು — ತಪ್ಪು ಯಾರದೆಂದು ಗೊತ್ತಿದ್ದ ನನಗೂ ಒಂದು ಗಳಿಗೆ ಅನ್ನಿಸಿತು. ಇಪ್ಪತ್ತೆರಡು ನಿಮಿಷ ಹಾಗೇ ನಡೆಯಿತು. ಕೊನೆಗೆ ಅವಳು, "ಹೌದ್ರಿ, ತಿಂದೇನಿ. ತಪ್ಪಾತು" ಅಂದು ಎದ್ದು ಹೊರಗೆ ಓಡಿದಳು.

ಅಳಲು ಹೋದಳು ಅಂದುಕೊಂಡೆವು. ಅವ್ವ ನಿಟ್ಟುಸಿರು ಬಿಟ್ಟಳು. ನಾನು ಬುಕ್ಕು ಎತ್ತಿಕೊಂಡು ಕೋಣೆಗೆ ಹೋಗಿ ಬರೆದೆ: ರಾತ್ರಿ ೮.೧೨. ಒಪ್ಪಿಕೊಂಡಳು. ಕೆಳಗೆ ಅಳತೆಪಟ್ಟಿ ಹಿಡಿದು ಗೆರೆ ಎಳೆದೆ. ಗೆರೆ ನೆಟ್ಟಗೆ ಬಂದಿದೆ.

ಮುಂದಿನ ಭಾನುವಾರ ಅವಳನ್ನು ತವರಿಗೆ ಕಳಿಸಿದರು. ಏಪ್ರಿಲ್‌ನಲ್ಲಿ ಮರಳಿ ಬಂದಳು, ಜೊತೆಗೆ ತವರಿನ ಒಂದು ಬೀಸುಕಲ್ಲು. "ನನ್ನ ಹಿಟ್ಟ ನಾನ ಬೀಸ್ಕೋತೇನಿ" ಎಂದಷ್ಟೇ ಹೇಳಿದಳು. ಅಂದಿನಿಂದ ಅವಳಿಗೆ ಆರಾಮ. ಕೂದಲು ಬಂದಿದೆ, ತೂಕ ಐವತ್ತನಾಲ್ಕಿದೆ, ರಕ್ತದ ಅಂಕಿ ಇಳಿದಿದೆ. ಅವಳ ಒಂದೊಂದು ಕಿಲೋವೂ ಮನೆಯವರ ಕಣ್ಣಲ್ಲಿ ಹಳೆಯ ಕಳ್ಳತನಕ್ಕೆ ಸಾಕ್ಷಿಯಾಯಿತು. "ಈಗ ನಾಲಿಗಿ ಬಿಗಿ ಹಿಡದಾಳ, ನೋಡ್ರಿ ಹೆಂಗಾಗ್ಯಾಳ" ಎಂದು ಅವ್ವ, ರೋಗದ ಹೆಸರೆತ್ತದೆ, ಬಂದವರಿಗೆಲ್ಲ ಹೇಳುತ್ತಾಳೆ. ಸೊಸೆಯ ಕೈಗೆ ಸಿಗದಿರಲೆಂದು ಎತ್ತಿಟ್ಟ ಗೋಧಿ ಹಿಟ್ಟಿನ ಡಬ್ಬಿ ಇಂದಿಗೂ ಅವ್ವನ ಮಂಚದ ಕೆಳಗಿದೆ. ಮೂರು ವರ್ಷ ನಾನು ಅದೇ ಮನೆಯಲ್ಲಿ ಉಂಡೆ, ಮಲಗಿದೆ, ದಿನಚರಿ ಬರೆದೆ.

ಮೊನ್ನೆ ಶುಕ್ರವಾರ, ಜನವರಿ ೧೬, ಮನೆಯಲ್ಲಿ ಸಂಕ್ರಾಂತಿಯ ಅರಿಷಿಣ ಕುಂಕುಮ. ಹದಿನಾಲ್ಕು ಹೆಂಗಸರು. ಒಬ್ಬಾಕೆ ಎಲ್ಲರಿಗೂ ಶ್ಯಾವಿಗೆಯ ಪೊಟ್ಟಣ ಹಂಚುತ್ತ ವೈನಿಯ ಕಡೆ ಕೈ ಚಾಚಿದಳು.

"ಅಯ್ಯ, ಅಕಿ ಕೈಯಾಗ ಕೊಡಬ್ಯಾಡ್ರೆವಾ, ಸಂಜಿತನಕಾ ಉಳ್ಯಾಂಗಿಲ್ಲದು!" ಅಂದಳು ಅವ್ವ.

ಎಲ್ಲರೂ ನಕ್ಕರು. ಕೇಳಿ ಕೇಳಿ ಹಳತಾದ ಚೇಷ್ಟೆ. ಮೊದಲು ನಕ್ಕವಳು ವೈನಿ. ತಾನು ಮಾಡದ ಕಳ್ಳತನಕ್ಕೆ ಎಲ್ಲರಿಗಿಂತ ಮೊದಲು ನಗಲು ಅವಳು ಕಲಿತಿದ್ದಳು.

ನಿನ್ನೆ, ಶನಿವಾರ, ಸಂಜೆಯ ಚಹಾದ ಹೊತ್ತಿಗೆ ಮೂವರನ್ನೂ ಕೂಡಿಸಿ ಹಳೆ ಬುಕ್ಕು ತೆರೆದೆ. ಹನ್ನೊಂದು ತಾರೀಖು ಓದಿದೆ. ಪ್ರತಿಯೊಂದರ ಮುಂದೆ, "ಬೇರೆ ಬೀಸಿಲ್ಲ" ಅಂದೆ. ಮಾವಶಿಯ ಮಾತು, ಡಾಕ್ಟರರ ಪ್ರಶ್ನೆ, ನಾನು ಹಿಂದೆ ಸರಿಸಿದ ಡಬ್ಬಿ, ಎಲ್ಲ ಹೇಳಿದೆ.

"ನಾ ಮಷಿನ್ ತರ್ತೇನಂದಿದ್ದೆ" ಅಂದ ಅಣ್ಣ. ಮತ್ತೆ ಅದನ್ನೇ ಅಂದ.

ಅವ್ವ ಮಾತ್ರ ಬಗ್ಗಲಿಲ್ಲ. "ಹಂಗಾರ ಅಕಿ ಯಾಕ ಒಪ್ಕೊಂಡ್ಲು? ತಿನ್ನದಾಕಿ ತಿಂದೇನಿ ಅಂತಾಳೇನು?"

ವೈನಿ ಚಹಾದ ಕಪ್ಪು ಕೆಳಗಿಟ್ಟಳು.

"ನೀವು ಮೂರೂ ಮಂದಿ ಮುಂದ ಕುಂತಿದ್ರಿ. ನನಗ ಸಂಡಾಸಕ್ಕ ಅವಸರ ಆಗಿತ್ರಿ ಅತ್ತಿ. ತಿಂದೇನಿ ಅನ್ನೂತನಕಾ ನೀವು ಏಳಗೊಡ್ತಿದ್ದಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹಿಟ್ಟಿನ್ಯಾಗ ಗೋದಿ ಕೂಡೇತಿ ಅಂತ ನನಗ ಅವತ್ತ ಗೊತ್ತಾಗಿತ್ತು ಶೈಲಾ. ಆದ್ರ ನೀ ಬರದಿಟ್ಟಿದ್ದಿ. ನನ್ನ ಕಡೆ ಏನಿತ್ತು, ಬಾಯಿಮಾತು."

ಆಮೇಲೆ ಕೈ ಚಾಚಿದಳು. "ಆ ಬುಕ್ಕ ಇಲ್ಲೆ ಕೊಡು. ಇನ್ನ ಅದು ನನ್ನ ಕಡೆ ಇರಲಿ."

ಕೊಟ್ಟೆ. ಕ್ಷಮಿಸಿದೆ ಅನ್ನಲಿಲ್ಲ ಅವಳು, ನಾನು ಕೇಳಲೂ ಇಲ್ಲ. ಅವ್ವ ಎದ್ದು ದೇವರ ಕೋಣೆಗೆ ಹೋದಳು. ಅಲ್ಲಿಂದ ಹೊರಬಂದ ಮೇಲೂ ವೈನಿಯ ಜೊತೆ ಮಾತಾಡಿಲ್ಲ.

ಇಂದು ಜನವರಿ ೧೮, ಭಾನುವಾರ. ಶುಕ್ರವಾರ ಬಂದಿದ್ದ ಹದಿನಾಲ್ಕು ಹೆಂಗಸರ ಪಟ್ಟಿ ಮಾಡಿದ್ದೇನೆ. ಹದಿನಾಲ್ಕೂ ಮನೆಗೆ ಹೋಗಿ ಇದನ್ನೇ ಹೇಳುತ್ತೇನೆ, ಭೇದಿ ಎಂಬ ಮಾತನ್ನೂ ಸೇರಿಸಿ. ಮೊದಲು ಸುಶಿ ಮಾವಶಿಯ ಮನೆಗೆ. ಮಿರಜಿಗೆ ಹೋಗಿ ಡಾಕ್ಟರ್ ಬಾಯಿಯ ಮುಂದೆಯೂ ಹೇಳಬೇಕು. ವೈನಿಯ ಹಳೆಯ ಕಾಗದಗಳಲ್ಲಿ, ಆ ಒಪ್ಪಿಗೆಯನ್ನು ನಂಬಿ "ಪಥ್ಯ ಪಾಲಿಸಿಲ್ಲ" ಎಂದು ಅವರು ಬರೆದ ಸಾಲು ಇನ್ನೂ ಇದೆ.

ಇದನ್ನು ಓದುತ್ತಿರುವವರೇ, ನನಗೆ ತಿಳಿಯದ್ದು ಬಹಳವಿದೆ. ಹನ್ನೊಂದು ವಾರ ಆ ಕರುಳಿನೊಳಗೆ ಏನೇನಾಯಿತು, ಅದು ಪೂರ್ತಿ ಮಾಯುತ್ತದೆಯೇ, ಅವಳು ಇನ್ನು ಯಾವ ತಪಾಸಣೆಗಳನ್ನು ಬಿಡದೆ ಮಾಡಿಸಿಕೊಳ್ಳಬೇಕು? ಹತ್ತು ಮನೆಯ ಗೋಧಿ ಬೀಸುವ ಗಿರಣಿಯಲ್ಲಿ, ಯಾರನ್ನೂ ಕೀಳು ಮಾಡದ ಹಾಗೆ, ನಮ್ಮದನ್ನು ಬೇರೆ ಬೀಸಿಕೊಡಿ ಎಂದು ನಿಮ್ಮ ಊರಲ್ಲಿ ಹೇಗೆ ಕೇಳುತ್ತೀರಿ? ಈ ಕಾಯಿಲೆಯವರು ನಿಮ್ಮ ಮನೆಯಲ್ಲಿದ್ದರೆ, ನನಗಿಂತ ಹೆಚ್ಚು ಬಲ್ಲವರಾಗಿದ್ದರೆ, ದಯವಿಟ್ಟು ಬರೆಯಿರಿ. ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಸವಿತಾ ಎಂದಿರಲಿ. ಒಡೆದು ಮೊದಲು ಅವಳು ಓದಲಿ. ನನಗೆ ಹೇಳಬೇಕೋ ಬೇಡವೋ, ಅದು ಅವಳಿಗೆ ಬಿಟ್ಟದ್ದು.